ಸೀಳಿದ ತೊಲೆ

ಬೆಳಗಾವಿ ಜಿಲ್ಲೆಯ ಅಥಣಿ ತಾಲ್ಲೂಕಿನಲ್ಲಿ, ಮಹಾರಾಷ್ಟ್ರದ ಗಡಿಯ ಕಡೆಗೆ, ಅನಂತಪುರವೆಂಬ ಊರಿದೆ. ಮುಗಿಲು ನೋಡಿ ಬಿತ್ತುವ ಸೀಮೆ ಅದು. ಆ ಊರಿನ ಒಬ್ಬ ಮುದಿ ಬಡಿಗನ ಅಂಗಳದಲ್ಲಿ ವರ್ಷವಿಡೀ ಜಾಲಿಮರದ ದಿಮ್ಮಿಗಳು ಬಿದ್ದುಕೊಂಡಿರುತ್ತವೆ. ಅವುಗಳ ಎರಡೂ ತುದಿಗಳಿಗೆ ಸಗಣಿ ಮೆತ್ತಿರುತ್ತದೆ. ಹೊಸಬರು ಇದನ್ನು ಕಂಡು, ದೃಷ್ಟಿ ತಾಗದಿರಲೆಂದು ಮಾಡಿದ್ದಿರಬೇಕು ಎಂದು ನಗುವುದುಂಟು. ಕಾರಣ ಬೇರೆಯೇ ಇದೆ. ಮರದೊಳಗಿನ ನೀರು ಮೈಯಿಂದ ಆರುವುದಕ್ಕಿಂತ ಬಹು ಬೇಗ ತುದಿಗಳಿಂದ ಆರುತ್ತದೆ. ತುದಿ ಒಣಗಿ ಕುಗ್ಗತೊಡಗಿದಾಗ ನಡುಭಾಗ ಇನ್ನೂ ಹಸಿಯಾಗಿಯೇ ಇದ್ದು ಕುಗ್ಗಲು ಒಪ್ಪುವುದಿಲ್ಲ. ಈ ಎಳೆದಾಟದಲ್ಲಿ ತುದಿ ಬಿರಿಯುತ್ತದೆ. ಅದೂ ಅಲ್ಲದೆ, ಮರವು ತಿರುಳಿನಿಂದ ತೊಗಟೆಯ ದಿಕ್ಕಿಗೆ ಕುಗ್ಗುವುದಕ್ಕಿಂತ ಉಂಗುರಗಳ ಸುತ್ತಿನಲ್ಲಿ ಸುಮಾರು ಎರಡು ಪಟ್ಟು ಕುಗ್ಗುತ್ತದೆ. ಒಣಗಿದ ದಿಮ್ಮಿಯ ತುದಿಯಲ್ಲಿ ಬಿರುಕುಗಳು ಗಾಲಿಯ ಅರಗಳಂತೆ ಹರಡಿಕೊಳ್ಳುವುದು ಇದೇ ಕಾರಣದಿಂದ. ಸಗಣಿಯ ಲೇಪವು ತುದಿಯ ಆತುರವನ್ನು ತಡೆಯುತ್ತದೆ, ಅಷ್ಟೆ.

ಈ ಮಾತುಗಳಲ್ಲಿ ಒಂದನ್ನೂ ಬಡಿಗಜ್ಜನು ಹೀಗೆ ಬಿಡಿಸಿ ಹೇಳಿದವನಲ್ಲ. ಅವನದು ಮಾತಿಗಿಂತ ಕಿವಿಯ ವಿದ್ಯೆ. ದಿಮ್ಮಿಯನ್ನು ಬಾಚಿಯ ಬೆನ್ನಿನಿಂದ ತಟ್ಟಿ, ತಲೆ ವಾಲಿಸಿ, ಒಂದು ಕ್ಷಣ ಸುಮ್ಮನಿರುವನು. ನಾದ ಸರಿಯಾಗಿ ಬಂದರೆ ಮರ ಅಂಗಳದಲ್ಲಿ ಉಳಿಯುತ್ತಿತ್ತು. ನಾದ ಬಿರಿದಂತೆ ಕೇಳಿದರೆ ಒಲೆಯ ಕಡೆಗೆ ಹೋಗುತ್ತಿತ್ತು.

ಅವನು ಚಕ್ಕಡಿ ಕಟ್ಟುವ ಬಡಿಗ. ಕಬ್ಬಿನ ಹಂಗಾಮು ಬಂತೆಂದರೆ ಆ ಭಾಗದ ರೈತರು ಚಕ್ಕಡಿ ಹೂಡಿಕೊಂಡು ಕೃಷ್ಣೆಯ ದಂಡೆಯ ಊರುಗಳಿಗೆ ಹೋಗಿ, ಗದ್ದೆಯಿಂದ ಕಾರ್ಖಾನೆಗೆ ಕಬ್ಬು ಹೇರಿ ನಾಲ್ಕು ಕಾಸು ಸಂಪಾದಿಸಿಕೊಂಡು ಬರುತ್ತಿದ್ದರು. 1970ರ ದಶಕದಲ್ಲಿ ಬೆಂಗಳೂರಿನ ಭಾರತೀಯ ಆಡಳಿತ ನಿರ್ವಹಣಾ ಸಂಸ್ಥೆಯ ನಿರ್ದೇಶಕರಾಗಿದ್ದ ಎನ್. ಎಸ್. ರಾಮಸ್ವಾಮಿಯವರು ಎತ್ತಿನ ಗಾಡಿಯನ್ನು ಹಳೆಯ ಕಾಲದ ವಸ್ತುವೆಂದು ಕಡೆಗಣಿಸಬಾರದು, ದೇಶದ ಸಾಗಾಣಿಕೆಯ ಬಹು ದೊಡ್ಡ ಪಾಲು ಅದರ ಮೇಲೆಯೇ ನಡೆದಿದೆ, ಅದನ್ನು ಶಾಸ್ತ್ರೀಯವಾಗಿ ಸುಧಾರಿಸಬೇಕು ಎಂದು ಬಹುಕಾಲ ಶ್ರಮಿಸಿದರು. ಆದರೆ ಅನಂತಪುರದಂತಹ ಊರುಗಳಲ್ಲಿ ಚಕ್ಕಡಿಯ ಶಾಸ್ತ್ರವೆಲ್ಲ ಬಡಿಗನ ಕೈಯಲ್ಲಿಯೇ ಇತ್ತು. ತಪ್ಪಿದರೆ ನಿಂದೆಯೂ ಅವನ ತಲೆಗೇ ಬರುತ್ತಿತ್ತು.

ನಿಂದೆ ಒಮ್ಮೆ ಬಂದಿತು. ಮೂವತ್ತು ವರ್ಷಗಳ ಹಿಂದಿನ ಮಾತು. ಅವನು ಕಟ್ಟಿಕೊಟ್ಟ ಹೊಸ ಚಕ್ಕಡಿಯೊಂದು ಮೊದಲ ಹಂಗಾಮಿನಲ್ಲಿಯೇ, ಕಬ್ಬು ಹೇರಿಕೊಂಡು ಹೋಗುತ್ತಿರುವಾಗ, ನಡುದಾರಿಯಲ್ಲಿ ಕುಸಿಯಿತು. ಹಾಸಿನ ಕೆಳಗಿನ ಅಡ್ಡತೊಲೆ ಸೀಳಿಹೋಗಿತ್ತು. ಹೊರೆ ಒಂದು ಮಗ್ಗುಲಿಗೆ ಜಾರಿ, ಎಡಗಡೆಯ ಎತ್ತು ನೊಗದೊಂದಿಗೆ ಅಡಿಗೆ ಬಿದ್ದು ಅದರ ಮುಂಗಾಲು ಮುರಿಯಿತು. ಆ ಎತ್ತು ಮತ್ತೆ ನೊಗಕ್ಕೆ ಬರಲಿಲ್ಲ. ಒಂದು ಎತ್ತು ಹೋದರೆ ರೈತನ ಅರ್ಧ ಬದುಕು ಹೋದಂತೆ. ಬಡಿಗನು ಕೆಟ್ಟ ಮರ ಹಾಕಿ ಮೋಸ ಮಾಡಿದನೆಂದು ರೈತನು ಚಾವಡಿಯಲ್ಲಿ ಕೂಗಿದನು. ಹೇರಬಾರದಷ್ಟು ಹೇರಿ ಈಗ ತನ್ನ ಮೇಲೆ ಹೊರಿಸುತ್ತಾನೆಂದು ಬಡಿಗನು ಕೂಗಿದನು. ಹಿರಿಯರು ಇಬ್ಬರನ್ನೂ ಸುಮ್ಮನಾಗಿಸಿದರು. ಆದರೆ ಅಂದಿನಿಂದ ಆ ಎರಡು ಮನೆಗಳ ನಡುವೆ ಬೆಂಕಿ ಕೇಳುವುದೂ ನಿಂತಿತು. ಸೀಳಿದ ತೊಲೆಯ ತುಂಡನ್ನು ಬಡಿಗನು ಮನೆಗೆ ತಂದು ಅಟ್ಟದ ಮೇಲೆ ಇಟ್ಟನು. ಸೌದೆ ಮುಗಿದ ಮಳೆಗಾಲದಲ್ಲಿಯೂ ಅದನ್ನು ಒಲೆಗೆ ಇಡಲು ಅವನು ಬಿಡಲಿಲ್ಲ. ಏಕೆಂದು ಮನೆಯವರು ಕೇಳಲೂ ಇಲ್ಲ.

ಈ ಅಜ್ಜನ ಮೊಮ್ಮಗನು ಬೆಳಗಾವಿಗೆ ಹೋಗಿ ಎಂಜಿನಿಯರಿಂಗ್ ಓದಿದನು. ಓದಿನ ಕೊನೆಯ ವರ್ಷದಲ್ಲಿ ಅವನ ಮನಸ್ಸನ್ನು ಹಿಡಿದದ್ದು ದೂರದ ನಾರ್ವೆ ದೇಶದ ಒಂದು ಸುದ್ದಿ. ಅಲ್ಲಿನ ಟ್ರೆಟನ್ ಎಂಬಲ್ಲಿ ನದಿಯ ಮೇಲೆ ಮರದ ತೊಲೆಗಳಿಂದ ಕಟ್ಟಿದ, ಸುಮಾರು 148 ಮೀಟರ್ ಉದ್ದದ ಸೇತುವೆಯೊಂದಿತ್ತು. 2012ರಲ್ಲಿ ಸಂಚಾರಕ್ಕೆ ತೆರೆದ ಆ ಸೇತುವೆ ಹತ್ತೇ ವರ್ಷಗಳಲ್ಲಿ, 2022ರ ಆಗಸ್ಟ್ 15ರ ಬೆಳಿಗ್ಗೆ, ಒಂದು ಲಾರಿ ಮತ್ತು ಒಂದು ಕಾರು ಮೇಲಿರುವಾಗಲೇ ಕುಸಿಯಿತು. ಚಾಲಕರಿಬ್ಬರೂ ಬದುಕಿಕೊಂಡದ್ದು ಪುಣ್ಯ. ತನಿಖೆ ನಡೆಸಿದವರು ಕಂಡದ್ದೇನು? ತೊಲೆಗಳು ನಡುವಿನಲ್ಲಿ ಮುರಿದಿರಲಿಲ್ಲ. ಓರೆಯ ತೊಲೆಯೊಂದನ್ನು ಉಕ್ಕಿನ ಸರಳುಗಳಿಂದ ಕೂಡಿಸಿದ್ದ ಕಡೆಯಲ್ಲಿ, ಸರಳುಗಳ ಗುಂಪಿನ ಸುತ್ತಲಿನ ಮರವು ಒಂದು ತುಂಡಾಗಿ ಕಿತ್ತುಕೊಂಡು ಬಂದಿತ್ತು. ಮರ ಗಟ್ಟಿಯಾಗಿತ್ತು, ಉಕ್ಕೂ ಗಟ್ಟಿಯಾಗಿತ್ತು. ಸೋತದ್ದು ಅವೆರಡೂ ಕೂಡಿದ ಸಂದು.

ಇದನ್ನು ಓದಿದಾಗ ಆ ಹುಡುಗನಿಗೆ ಅಟ್ಟದ ಮೇಲಿನ ತುಂಡು ನೆನಪಾಯಿತು. ಮರದ ಸಂದುಗಳು ಹೇಗೆ ಸೀಳುತ್ತವೆ ಎಂಬುದನ್ನು ಗಣಕಯಂತ್ರದಲ್ಲಿ ಮಾದರಿ ಕಟ್ಟಿ ತಿಳಿಯುವುದೇ ತನ್ನ ಅಭ್ಯಾಸದ ವಿಷಯವೆಂದು ಅವನು ಆರಿಸಿಕೊಂಡನು. ಅಜ್ಜನಿಗೆ ಇದು ವಿಚಿತ್ರವಾಗಿ ಕಂಡಿತು.

“ಕಟ್ಟೂದನ್ನ ಕಲೀಲಿ ಅಂತ ಕಳಿಸಿದರ, ನೀ ಮುರಿಯೂದನ್ನ ಕಲಿತೀಯೇನೋ ತಮ್ಮಾ?” ಎಂದು ಅವನು ಕೇಳಿದನು.

ವಾಸ್ತವವಾಗಿ, ಮುರಿಯುವುದನ್ನು ಕಲಿಯುವುದಕ್ಕೆ ಮನುಷ್ಯನಿಗೆ ಬಹಳ ಕಾಲ ಹಿಡಿಯಿತು. ಗಟ್ಟಿಯಾದ ವಸ್ತು ತಡೆಯುತ್ತದೆ, ಮೆದುವಾದದ್ದು ಮುರಿಯುತ್ತದೆ ಎಂಬುದು ಎಲ್ಲರ ಎಣಿಕೆ. ಆದರೆ ಜವಳಿ ಅಂಗಡಿಯಲ್ಲಿ ಬಟ್ಟೆ ಹರಿಯುವುದನ್ನು ನೀವು ನೋಡಿರಬಹುದು. ಎರಡು ಕೈಗಳಿಂದ ಎಷ್ಟು ಜಗ್ಗಿದರೂ ಹರಿಯದ ಬಟ್ಟೆಯ ಅಂಚಿನಲ್ಲಿ ಅಂಗಡಿಯವನು ಕತ್ತರಿಯಿಂದ ಒಂದು ಸಣ್ಣ ಕಚ್ಚು ಹಾಕುತ್ತಾನೆ. ಆಮೇಲೆ ಬಟ್ಟೆ ಒಂದೇ ಎಳೆತಕ್ಕೆ ಉದ್ದಕ್ಕೂ ಹರಿಯುತ್ತದೆ. ಬಟ್ಟೆಯ ಬಲ ಕಡಿಮೆಯಾಗಲಿಲ್ಲ. ಎಳೆತವೆಲ್ಲ ಕಚ್ಚಿನ ಮೊನೆಗೆ ಬಂದು ಕೂಡಿತು.

1913ರಲ್ಲಿ ಇಂಗ್ಲೆಂಡಿನ ಇಂಗ್ಲಿಸ್ ಎಂಬ ವಿದ್ವಾಂಸನು ಇದನ್ನು ಲೆಕ್ಕ ಹಾಕಿ ತೋರಿಸಿದನು. ಅಗಲವಾದ ತಗಡಿನಲ್ಲಿ ದುಂಡಗಿನ ಒಂದು ರಂಧ್ರ ಕೊರೆದು ತಗಡನ್ನು ಎಳೆದರೆ, ರಂಧ್ರದ ಅಂಚಿನಲ್ಲಿ ಪೀಡನವು ಉಳಿದ ಕಡೆಗಿಂತ ಮೂರು ಪಟ್ಟಾಗುತ್ತದೆ. ಪೀಡನವೆಂದರೆ ವಸ್ತುವಿನ ಪ್ರತಿಯೊಂದು ಚದರ ಅಳತೆಯೂ ಹೊರಬೇಕಾದ ಬಲ. ರಂಧ್ರವು ದುಂಡಗಿರದೆ, ಎಳೆತಕ್ಕೆ ಅಡ್ಡಲಾಗಿ, ಅಗಲಕ್ಕಿಂತ ಹತ್ತು ಪಟ್ಟು ಉದ್ದವಾದ ಮೊಟ್ಟೆಯಾಕಾರದ ಕಂಡಿಯಾಗಿದ್ದರೆ ಅದರ ಮೊನೆಯಲ್ಲಿ ಪೀಡನ 21 ಪಟ್ಟು! ಹಾಗಾದರೆ ಕೂದಲಿನಷ್ಟು ಕಿರಿದಾದ ಬಿರುಕಿನ ಮೊನೆಯಲ್ಲಿ ಪೀಡನಕ್ಕೆ ಮಿತಿಯೇ ಇರಬಾರದು. ಬಿರುಕು ಬಿಟ್ಟ ಪ್ರತಿಯೊಂದು ವಸ್ತುವೂ ಮುಟ್ಟಿದರೆ ಮುರಿಯಬೇಕು. ಆದರೆ ಬಿರುಕು ಬಿಟ್ಟ ಗಡಿಗೆಯಲ್ಲಿ ಜನ ವರ್ಷಗಟ್ಟಲೆ ಕಾಳು ತುಂಬಿಡುತ್ತಾರೆ. ಈ ಒಗಟನ್ನು ಬಿಡಿಸಿದವನು ಗ್ರಿಫಿತ್. 1921ರಲ್ಲಿ ಅಚ್ಚಾದ ತನ್ನ ಲೇಖನದಲ್ಲಿ, ಗಾಜಿನ ಮೇಲೆ ನಡೆಸಿದ ಪ್ರಯೋಗಗಳ ಆಧಾರದಿಂದ, ಅವನು ಲೆಕ್ಕವನ್ನೇ ಬದಲಿಸಿದನು. ಬಿರುಕು ಮುಂದುವರಿಯಬೇಕಾದರೆ ಎರಡು ಹೊಸ ಮೈಗಳು ಹುಟ್ಟಬೇಕು. ಅದಕ್ಕೆ ಶಕ್ತಿಯ ವೆಚ್ಚವುಂಟು. ಬಿರುಕು ಮುಂದುವರಿದಾಗ ಸುತ್ತಲಿನ ವಸ್ತುವಿನ ಬಿಗಿತ ಸಡಿಲಿ ಒಂದಿಷ್ಟು ಶಕ್ತಿ ಬಿಡುಗಡೆಯಾಗುತ್ತದೆ, ಅದು ಆದಾಯ. ಆದಾಯ ವೆಚ್ಚಕ್ಕಿಂತ ಕಡಿಮೆಯಿರುವವರೆಗೂ ಬಿರುಕು ನಿಂತಲ್ಲಿಯೇ ನಿಲ್ಲುತ್ತದೆ. ಆದಾಯ ಮೀರಿತೋ, ಅದು ಓಡುತ್ತದೆ.

ಗಾಜು ಎಲ್ಲ ದಿಕ್ಕಿಗೂ ಒಂದೇ ತೆರನಾದದ್ದು. ಮರ ಹಾಗಲ್ಲ. ಕೊಡಲಿಯಿಂದ ಕಟ್ಟಿಗೆ ಒಡೆದವರಿಗೆಲ್ಲ ಇದು ಗೊತ್ತು: ತುಂಡನ್ನು ನಿಲ್ಲಿಸಿ ಎಳೆಯ ಗುಂಟ ಹೊಡೆದರೆ ಒಂದೇ ಏಟಿಗೆ ಎರಡು ಹೋಳು; ಅಡ್ಡ ಮಲಗಿಸಿ ಹೊಡೆದರೆ ತೋಳು ಸೋಲುತ್ತದೆ. ಎಳೆಯುದ್ದಕ್ಕೂ ಜಗ್ಗಿದರೆ ಮರ ತಾಳುವ ಬಲಕ್ಕೆ ಹೋಲಿಸಿದರೆ, ಎಳೆಗೆ ಅಡ್ಡಲಾಗಿ ಜಗ್ಗಿದಾಗ ತಾಳುವುದು ಅದರ ಇಪ್ಪತ್ತನೆಯ ಒಂದು ಪಾಲು, ಹಲವು ವೇಳೆ ಅದಕ್ಕೂ ಕಡಿಮೆ. ಮರವನ್ನು ಮರಕ್ಕೆ ಕೂಡಿಸಬೇಕಾದರೆ ಕೊರೆಯಬೇಕು, ಕಂಡಿ ತೋಡಬೇಕು, ಮೂಲೆ ಬಿಡಿಸಬೇಕು. ಕೊರೆದಲ್ಲೆಲ್ಲ ಬಲವು ಎಳೆಯ ಗುಂಟ ಹರಿಯುವುದನ್ನು ಬಿಟ್ಟು ಎಳೆಗಳನ್ನು ಒಂದರಿಂದೊಂದು ಅಗಲಿಸುವ ಕಡೆಗೆ ತಿರುಗುತ್ತದೆ. ಚಕ್ಕಡಿಯ ಅಡ್ಡತೊಲೆಯ ತುದಿಯನ್ನು ಕೆಳಗಿನಿಂದ ಕೊರೆದು ಆಧಾರದ ಮೇಲೆ ಕೂಡಿಸಿದಾಗ, ಮೇಲಿನ ಹೊರೆ ಆ ಒಳಮೂಲೆಯನ್ನು ಬಾಯಿ ತೆರೆಸಲು ನೋಡುತ್ತದೆ. ಅಲ್ಲಿಂದ ಹೊರಟ ಸೀಳು ತೊಲೆಯ ಉದ್ದಕ್ಕೂ ಓಡುತ್ತದೆ. ಸ್ವೀಡನ್ನಿನ ಲುಂಡ್ ನಗರದ ಗುಸ್ತಾಫ್‌ಸನ್ ಎಂಬ ಸಂಶೋಧಕರು 1988ರಲ್ಲಿ ಇಂತಹ ಕೊರೆದ ತೊಲೆಗಳಿಗೆ ಗ್ರಿಫಿತನ ಶಕ್ತಿಯ ಲೆಕ್ಕವನ್ನು ಹೊಂದಿಸಿ ಒಂದು ಸೂತ್ರ ಕೊಟ್ಟರು. ಯೂರೋಪಿನ ಮರದ ಕಟ್ಟಡಗಳ ನಿಯಮಾವಳಿಗೆ ಅದು ಆಧಾರವಾಯಿತು. ಕೊರೆತ ಆಳವಾದಷ್ಟೂ ತೊಲೆ ದುರ್ಬಲ. ಮೂಲೆಯನ್ನು ನೆಟ್ಟಗೆ ಕಡಿಯದೆ ಓರೆಯಾಗಿ ಇಳಿಸಿದರೆ ಅಷ್ಟರ ಮಟ್ಟಿಗೆ ಬಲ ಹೆಚ್ಚು.

ಸರಳವಾದ ತೊಲೆಗೆ ಸೂತ್ರ ಸಾಕು. ತೂತು, ಕೀಲು, ಓರೆ, ಬಾಗು ಎಲ್ಲ ಕೂಡಿದ ಸಂದಿಗೆ ಸೂತ್ರ ಒದಗುವುದಿಲ್ಲ. ಅಲ್ಲಿ ಗಣಕಯಂತ್ರ ಬೇಕು. ಅದರ ಕ್ರಮ ಕೇಳಲು ಸುಲಭ. ತೊಲೆಯ ಚಿತ್ರವನ್ನು ಸಾವಿರಾರು ಚಿಕ್ಕ ಚಿಕ್ಕ ಅಂಕಣಗಳಾಗಿ ಒಡೆಯುತ್ತಾರೆ. ಅಪಾಯವಿರುವ ಮೂಲೆಯ ಬಳಿ ಅಂಕಣಗಳು ಸಾಸಿವೆಯಷ್ಟು ಸಣ್ಣವು, ದೂರದಲ್ಲಿ ದೊಡ್ಡವು. ಪ್ರತಿಯೊಂದು ಅಂಕಣವೂ ತನ್ನ ನೆರೆಯ ಅಂಕಣವನ್ನು ಎಷ್ಟು ನೂಕುತ್ತದೆ, ಎಷ್ಟು ಎಳೆಯುತ್ತದೆ ಎಂಬುದಕ್ಕೆ ಒಂದೊಂದು ಸಮೀಕರಣ. ಸಾವಿರಾರು ಸಮೀಕರಣಗಳನ್ನು ಒಟ್ಟಿಗೆ ಬಿಡಿಸುವುದು ಮನುಷ್ಯನ ಆಯುಷ್ಯದಲ್ಲಿ ಮುಗಿಯದ ಕೆಲಸ. ಯಂತ್ರಕ್ಕೆ ಅದು ಕ್ಷಣಗಳ ಕೆಲಸ. ವಿಮಾನಗಳ ರೆಕ್ಕೆಗಾಗಿ 1950ರ ದಶಕದಲ್ಲಿ ಬೆಳೆದ ಈ ವಿಧಾನಕ್ಕೆ 1960ರಲ್ಲಿ ಅಮೆರಿಕದ ಕ್ಲಫ್ ಎಂಬ ಪ್ರಾಧ್ಯಾಪಕರು ಫೈನೈಟ್ ಎಲಿಮೆಂಟ್ ವಿಧಾನವೆಂದು ಹೆಸರಿಟ್ಟರು.

ಬಿರುಕನ್ನು ಈ ಅಂಕಣಗಳೊಳಗೆ ಹಿಡಿಯುವ ಕೆಲಸದಲ್ಲಿ ಕನ್ನಡನಾಡಿನ ಪಾಲೂ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಮಾನ ವಿಜ್ಞಾನ ವಿಭಾಗದಲ್ಲಿ ಪ್ರಾಧ್ಯಾಪಕರಾಗಿದ್ದ ಬಿ. ದತ್ತಗುರು ಅವರೂ ಅವರ ಸಹೋದ್ಯೋಗಿಗಳೂ ಲೋಹದ ಜೋಡಣೆಗಳಲ್ಲಿ ಬಿರುಕು ಬೆಳೆಯುವ ಬಗೆಯನ್ನು ದೀರ್ಘಕಾಲ ಅಭ್ಯಾಸ ಮಾಡಿದರು. ತೆರೆದ ಬಿರುಕನ್ನು ಕೂದಲೆಳೆಯಷ್ಟು ಮತ್ತೆ ಮುಚ್ಚಲು ಎಷ್ಟು ಕೆಲಸ ಹಿಡಿಯುತ್ತದೆ ಎಂದು ಲೆಕ್ಕ ಹಾಕಿದರೆ, ಅದು ತೆರೆಯುವಾಗ ಬಿಡುಗಡೆಯಾದ ಶಕ್ತಿಯೂ ಅಷ್ಟೇ ಎಂದು ತಿಳಿಯುತ್ತದೆ. ಬಾಗಿಲನ್ನು ನೂಕಿ ಮುಚ್ಚಿದವನಿಗೆ ಗಾಳಿಯ ಬಲ ತಿಳಿಯುವಂತೆ. ಈ ಉಪಾಯದ ಮೂಲ 1957ರಲ್ಲಿ ಇರ್ವಿನ್ ಎಂಬ ವಿಜ್ಞಾನಿ ಕೊಟ್ಟದ್ದು. ಅದನ್ನು ಗಣಕಯಂತ್ರದ ಬಗೆಬಗೆಯ ಅಂಕಣಗಳಿಗೆ ಹೊಂದಿಸಿದವರಲ್ಲಿ ಬೆಂಗಳೂರಿನವರೂ ಸೇರಿದ್ದರು. ದತ್ತಗುರು ಅವರಿಗೆ 2005ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು. ವಿಮಾನದ ತಗಡಿಗಾಗಿ ಹುಟ್ಟಿದ ಲೆಕ್ಕ ಒಂದು ದಿನ ಜಾಲಿಯ ತೊಲೆಗೂ ಒದಗಿತು. ವಿದ್ಯೆಯ ದಾರಿಗಳು ಹೀಗೆಯೇ ಸುತ್ತಿಕೊಂಡು ಬರುತ್ತವೆ.

ದೀಪಾವಳಿಯ ರಜೆಯಲ್ಲಿ ಮೊಮ್ಮಗನು ಊರಿಗೆ ಬಂದನು. ಅಂಗಳದಲ್ಲಿ ಅಜ್ಜನು ಆಗಷ್ಟೇ ಮುಗಿಸಿದ್ದ ಒಂದು ಅಡ್ಡತೊಲೆಯನ್ನು ಅಳೆದು, ಮಾದರಿ ಕಟ್ಟಿ, ಕಬ್ಬಿನ ಹೊರೆಯಷ್ಟು ಭಾರವನ್ನು ಹೇರಿ ನೋಡಿದನು. ತೊಲೆ ಅಲುಗಲಿಲ್ಲ. ಎರಡು ಪಟ್ಟು ಹೇರಿದಾಗಲೂ ಮೂಲೆಯಲ್ಲಿ ಸೀಳು ಹೊರಡಲಿಲ್ಲ. ಹುಡುಗನಿಗೆ ಹಿಗ್ಗು. ಆ ರೈತನೇ ಹೇರಬಾರದಷ್ಟು ಹೇರಿದ್ದನೆಂಬುದು ಸಿದ್ಧವಾಯಿತಲ್ಲ!

ಅಜ್ಜನು ಕನ್ನಡಕ ಏರಿಸಿಕೊಂಡು ಪರದೆಯ ಮೇಲಿನ ಬಣ್ಣಬಣ್ಣದ ಚಿತ್ರವನ್ನು ಬಹಳ ಹೊತ್ತು ನೋಡಿದನು.

“ಇದು ನಾ ಈಗ ಮಾಡೂ ತೊಲಿ, ತಮ್ಮಾ,” ಎಂದನು. “ಅದು ಹಿಂಗ ಇರಲಿಲ್ಲ.”

ಎದ್ದು ಹೋಗಿ, ನಿಚ್ಚಣಿಕೆ ಹಾಕಿ, ತಾನೇ ಅಟ್ಟ ಹತ್ತಿ ಆ ತುಂಡನ್ನು ಇಳಿಸಿ ತಂದನು. ಅದರ ಮೇಲೆ ಬೆರಳು ದಪ್ಪದ ಧೂಳು.

ಧೂಳು ಒರೆಸಿದಾಗ ಮೂರು ಸಂಗತಿಗಳು ಕಂಡವು. ಹೊಸ ತೊಲೆಯಲ್ಲಿ ಕೊರೆತದ ಆಳ ತೊಲೆಯ ದಪ್ಪದ ಕಾಲು ಪಾಲಿನಷ್ಟಿದ್ದರೆ, ಹಳೆಯದರಲ್ಲಿ ಅರ್ಧವನ್ನು ಮೀರಿತ್ತು. ಹೊಸದರಲ್ಲಿ ಒಳಮೂಲೆಗೆ ಮೊದಲು ಬೈರಿಗೆಯಿಂದ ಒಂದು ದುಂಡು ರಂಧ್ರ ಕೊರೆದು, ಗರಗಸವನ್ನು ಆ ರಂಧ್ರದವರೆಗೆ ಮಾತ್ರ ಓಡಿಸಲಾಗಿತ್ತು; ಹಳೆಯದರಲ್ಲಿ ಉಳಿಯಿಂದ ನೆಟ್ಟಗೆ ಕಡಿದ ಮೂಲೆ ಅಲಗಿನಂತೆ ಚೂಪಾಗಿತ್ತು. ಮೂರನೆಯದು ಮರದ ಎಳೆ. ಅದು ತೊಲೆಯ ಗುಂಟ ನೇರವಾಗಿ ಸಾಗದೆ ಓರೆಯಾಗಿ ಇಳಿದಿತ್ತು. ಹತ್ತಕ್ಕೆ ಒಂದರಂತೆ ಎಳೆ ಓರೆಯಾದರೆ ತೊಲೆಯ ಬಾಗುವ ಬಲದಲ್ಲಿ ಸುಮಾರು ಐದನೆಯ ಒಂದು ಪಾಲು ನಷ್ಟ. ಐದಕ್ಕೆ ಒಂದರಂತೆ ಓರೆಯಾದರೆ ಅರ್ಧದ ಹತ್ತಿರ ನಷ್ಟ. ಮರಗಳನ್ನು ಒಡೆದು ಪರೀಕ್ಷಿಸುವ ಪ್ರಯೋಗಶಾಲೆಗಳು ಇದನ್ನು ಅಳೆದಿಟ್ಟಿವೆ. ಮೈಸೂರು ಸಂಸ್ಥಾನದ ಕಾಲದಲ್ಲಿ, 1938ರಲ್ಲಿ, ಬೆಂಗಳೂರಿನಲ್ಲಿ ಆರಂಭವಾದ ಅರಣ್ಯ ಸಂಶೋಧನಾ ಪ್ರಯೋಗಶಾಲೆ ಇಂತಹವುಗಳಲ್ಲಿ ಒಂದು. 1988ರಿಂದ ಅದು ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯೆಂದು ಮಲ್ಲೇಶ್ವರದಲ್ಲಿ ಕೆಲಸ ಮಾಡುತ್ತಿದೆ.

“ಮರ ಒಣಗಿತ್ತೇನು, ಮುತ್ಯಾ?” ಎಂದು ಹುಡುಗನು ಕೇಳಿದನು.

“ಪೂರಾ ಒಣಗಿರಲಿಲ್ಲ. ಹಂಗಾಮು ಹತ್ತಿರ ಬಂದಿತ್ತು. ಅವ ದಿನಾ ಬಂದು ಬಾಗಿಲಾಗ ಕುಂಡರತಿದ್ದ.”

ಇದೂ ಸಣ್ಣ ಮಾತಲ್ಲ. ಹಸಿಮರದ ಬಲ ಒಣಮರದ ಬಲಕ್ಕಿಂತ ಬಹಳ ಕಡಿಮೆ. ಮೇಲಾಗಿ, ಕೂಡಿಸಿದ ಮೇಲೆ ಮರ ಒಣಗತೊಡಗಿದರೆ ಕೊರೆದ ಮೂಲೆಯಲ್ಲಿಯೇ ಬಿರುಕಿಗೆ ಬೀಜ ಬೀಳುತ್ತದೆ. ತೇವವು ಮರದ ಕಟ್ಟಡಗಳಿಗೆ ಮಾಡಿದ ಅನಾಹುತಗಳು ಅನೇಕ. ಜರ್ಮನಿಯ ಬಾಡ್ ರೈಖನ್‌ಹಾಲ್ ಎಂಬ ಊರಿನಲ್ಲಿ 2006ರ ಜನವರಿ 2ರಂದು ಮಂಜಿನಾಟದ ಸಭಾಂಗಣವೊಂದರ ಮರದ ಚಾವಣಿ ಕುಸಿದು 15 ಮಂದಿ ಸತ್ತರು. ತೊಲೆಗಳನ್ನು ಅಂಟಿಸಿದ್ದ ಅಂಟು ವರ್ಷಗಳ ತೇವಕ್ಕೆ ಸೋತಿದ್ದುದು ಅದರ ಕಾರಣಗಳಲ್ಲಿ ಒಂದು.

ಹುಡುಗನು ಮಾದರಿಯನ್ನು ಮೊದಲಿನಿಂದ ಕಟ್ಟಿದನು. ಆಳವಾದ ಕೊರೆತ, ಚೂಪು ಮೂಲೆ, ಓರೆಯಾದ ಎಳೆ, ಅರೆಹಸಿಯ ಮರ. ಗಣಕಯಂತ್ರದ ಸ್ವಭಾವವೇ ಹಾಗೆ: ಹೇಳಿದ್ದನ್ನು ಅದು ನಂಬುತ್ತದೆ, ಹೇಳದೆ ಬಿಟ್ಟದ್ದನ್ನು ಎಂದಿಗೂ ಊಹಿಸುವುದಿಲ್ಲ. ದಿಮ್ಮಿಯನ್ನು ತಟ್ಟಿ ನೋಡುವ ಕಿವಿ ಅದಕ್ಕೆ ಇಲ್ಲ. ಮರದ ಸೀಳಿನ ಹಿಂದೆ ಕೆಲವು ಎಳೆಗಳು ಇನ್ನೂ ಹರಿಯದೆ ಎರಡು ದಡಗಳನ್ನು ಸೇತುವೆಯಂತೆ ಹಿಡಿದುಕೊಂಡಿರುತ್ತವೆ. ಅದನ್ನೂ ಲೆಕ್ಕಕ್ಕೆ ಸೇರಿಸಬೇಕು. ಲುಂಡಿನ ಹಿಲ್ಲೆರ್‌ಬೋರ್ಗ್ ಮತ್ತು ಅವರ ಸಂಗಡಿಗರು 1976ರಲ್ಲಿ ಕಾಂಕ್ರೀಟಿಗಾಗಿ ರೂಪಿಸಿದ ಕ್ರಮವೊಂದು ಮುಂದೆ ಮರಕ್ಕೂ ಬಳಕೆಗೆ ಬಂದಿತು. ಹುಡುಗನು ಅದನ್ನೂ ಸೇರಿಸಿದನು. ಎರಡು ದಿನ ಹಿಡಿಯಿತು. ಹಬ್ಬದ ಹೋಳಿಗೆ ಆರಿತೆಂದು ತಾಯಿ ಎರಡು ಸಲ ಕರೆದು ಹೋದಳು.

ಹೊರೆ ಮೆಲ್ಲಮೆಲ್ಲನೆ ಏರಿತು. ಎಂದಿನ ಹೊರೆ ಪೂರ್ತಿ ಏರುವ ಮೊದಲೇ ಒಳಮೂಲೆಯಲ್ಲಿ ಕೆಂಪು ಚುಕ್ಕೆಯೊಂದು ಹೊಳೆಯಿತು. ಮುಂದಿನ ಹೆಜ್ಜೆಗೆ ಅದು ಗೆರೆಯಾಯಿತು. ಅದರ ಮುಂದಿನ ಹೆಜ್ಜೆಗೆ ಓರೆಯಾದ ಎಳೆಯನ್ನೇ ಅನುಸರಿಸಿ ತೊಲೆಯ ನಡುವಿನವರೆಗೆ ಓಡಿತು. ಹುಡುಗನು ಅಟ್ಟದ ತುಂಡನ್ನು ಪರದೆಯ ಪಕ್ಕದಲ್ಲಿ ಹಿಡಿದನು. ಅದೇ ಮೂಲೆ; ಅದೇ ಓರೆ.

ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಆ ದಿನ ಚಕ್ಕಡಿಯಲ್ಲಿ ಎಷ್ಟು ಕಬ್ಬಿತ್ತೆಂಬುದನ್ನು ಯಾವ ಯಂತ್ರವೂ ಹೇಳಲಾರದು. ಆದರೆ ಹೊರೆ ಎಂದಿನಷ್ಟೇ ಇದ್ದರೂ ಆ ತೊಲೆ ಉಳಿಯುತ್ತಿರಲಿಲ್ಲ.

“ಮುತ್ಯಾ, ಮೂಲಿಗೆ ಬೈರಿಗಿ ಹಾಕೂದು ನಿನಗ ಯಾರು ಕಲಿಸಿದರು? ನಿಮ್ಮ ಅಪ್ಪ ಏನು?”

ಆ ದುಂಡು ರಂಧ್ರವು ತಲೆತಲಾಂತರದಿಂದ ಬಂದ ವಿದ್ಯೆಯೆಂದು ಹುಡುಗನು ತನ್ನ ಪ್ರಬಂಧದಲ್ಲಿ ಆಗಲೇ ಬರೆದಿದ್ದನು.

ಅಜ್ಜನು ತುಂಡನ್ನು ತೊಡೆಯ ಮೇಲೆ ಇಟ್ಟುಕೊಂಡು ಅದರ ಮೂಲೆಯ ಮೇಲೆ ಹೆಬ್ಬೆರಳು ಆಡಿಸುತ್ತಿದ್ದನು.

“ಯಾರೂ ಕಲಿಸಲಿಲ್ಲ. ಆ ವರ್ಷದಿಂದ ಹಾಕಾಕ ಹತ್ತೀನಿ.”

ಮೂವತ್ತು ವರ್ಷ ಅವನ ಬಾಯಿ ರೈತನನ್ನು ದೂರುತ್ತಲೇ ಇತ್ತು. ಮೂವತ್ತು ವರ್ಷ ಅವನ ಕೈ ಪ್ರತಿಯೊಂದು ತೊಲೆಯ ಮೂಲೆಯಲ್ಲಿಯೂ ಬೈರಿಗೆಯನ್ನು ಊರಿ ತಿರುಗಿಸುತ್ತಲೇ ಇತ್ತು.

ಆ ರೈತನು ತೀರಿಕೊಂಡು ಹಲವು ವರ್ಷಗಳಾಗಿದ್ದವು. ಅವನ ಮಗನು ಟ್ರ್ಯಾಕ್ಟರ್ ಇಟ್ಟುಕೊಂಡಿದ್ದನು. ಅವರ ಕೊಟ್ಟಿಗೆಯಲ್ಲಿ ಎತ್ತುಗಳಿರಲಿಲ್ಲ. ಮರುದಿನ ಬೆಳಿಗ್ಗೆ ಅಜ್ಜನು ಒಗೆದ ಧೋತರ ಉಟ್ಟು, ರುಮಾಲು ಸುತ್ತಿ, ಸೀಳಿದ ತುಂಡನ್ನು ಒಂದು ಹಳೆಯ ಟವೆಲ್ಲಿನಲ್ಲಿ ಸುತ್ತಿಕೊಂಡು ಹೊರಟನು. ಮೊಮ್ಮಗನು ಲ್ಯಾಪ್‌ಟಾಪ್ ಹಿಡಿದು ಹಿಂದೆಯೇ ಎದ್ದಾಗ, ಅದು ಬೇಡವೆಂದು ಕೈಯಾಡಿಸಿದನು.

ಆ ಮನೆಯ ಕಟ್ಟೆಯ ಮೇಲೆ ಅವನು ಕುಳಿತದ್ದನ್ನು ಓಣಿಯವರು ನೋಡಿದರು. ಮಗನು ಒಳಗಿನಿಂದ ಬಂದು, ಗುರುತು ಹಿಡಿದು, ಏನು ಹೇಳಬೇಕೆಂದು ತಿಳಿಯದೆ ಬಾಗಿಲಲ್ಲಿಯೇ ನಿಂತನು. ಆಮೇಲೆ ನೀರಿನ ತಂಬಿಗೆ ತಂದಿಟ್ಟನು. ಅಜ್ಜನು ನೀರು ಕುಡಿದು, ಟವೆಲ್ಲು ಬಿಚ್ಚಿ, ತುಂಡನ್ನು ಇಬ್ಬರ ನಡುವೆ ಇಟ್ಟನು.

“ಇಲ್ಲಿ ನೋಡಪಾ,” ಎಂದು ಮೂಲೆಯ ಮೇಲೆ ಬೆರಳಿಟ್ಟನು.